ಟಿವಿಯೊಳಗೆ ಹೊಕ್ಕ ನಮ್ಮ ಲ್ಯಾಬು

ಚಹಾದ ಲೋಟ ಕೈಯಲ್ಲಿತ್ತು. ಎದುರಿನ ಟಿವಿಯಲ್ಲಿ ಬಿಳಿ ಕೋಟು ಹಾಕಿದ ಹುಡುಗಿಯೊಬ್ಬಳು ಬಣ್ಣದ ನೀರು ತುಂಬಿದ ಫ್ಲಾಸ್ಕನ್ನು ಎತ್ತಿ ಹಿಡಿದು ನಗುತ್ತಿದ್ದಳು. ಅವಳ ಹಿಂದಿದ್ದ ಹಸಿರು ರ‍್ಯಾಕು ನನ್ನದು. ಕಿಟಕಿಗೆ ಬಳಿದು ಉಳಿದ ಬಣ್ಣವನ್ನು ಅದಕ್ಕೆ ಬಳಿದವಳು ನಾನೇ. ಬಾಟಲಿಗಳು ನಮ್ಮವು, ಸೋರುವ ನಳ ನಮ್ಮದು, ಅದರ ಕೆಳಗಿಟ್ಟ ಕೆಂಪು ಬಕೀಟು ಕೂಡ ನಮ್ಮದೇ. ಪರದೆಯ ಕೆಳಗೆ ಮಾತ್ರ ಗಂಗಾವತಿಯ ಒಂದು ಖಾಸಗಿ ಕಾಲೇಜಿನ ಹೆಸರು ಓಡುತ್ತಿತ್ತು. "ಸುಸಜ್ಜಿತ ಪ್ರಯೋಗಾಲಯ, ನಿಮ್ಮ ಮಕ್ಕಳ ಉಜ್ವಲ ಭವಿಷ್ಯ" ಎಂದು ಯಾರೋ ಗಡಸು ದನಿಯಲ್ಲಿ ಹೇಳುತ್ತಿದ್ದರು.

ನಾನು ಕುಷ್ಟಗಿ ಮತ್ತು ಕನಕಗಿರಿಯ ನಡುವಿನ ಒಂದು ಊರಿನ ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಹತ್ತನೇ ತರಗತಿಯ ಫಲಿತಾಂಶ ಬಂತೆಂದರೆ ಉಪನ್ಯಾಸಕರೆಲ್ಲ ಸುತ್ತಲಿನ ಹಳ್ಳಿಗಳ ಮನೆಮನೆ ತಿರುಗಿ ಮಕ್ಕಳನ್ನು ಕರೆಯಬೇಕು. ಆ ಬೇಸಿಗೆಯಲ್ಲಿ ಮೇಲಿನ ಕಚೇರಿ ಖಡಾಖಂಡಿತ ಹೇಳಿತ್ತು: ವಿಜ್ಞಾನ ವಿಭಾಗಕ್ಕೆ ನಿಗದಿಯಾದಷ್ಟು ಮಕ್ಕಳು ಸೇರದಿದ್ದರೆ ಆ ವಿಭಾಗವೇ ಬಂದ್. ಅಷ್ಟರಲ್ಲಿ ಸೇರಿದವರು ಕಲಾ ವಿಭಾಗಕ್ಕೆ ಹೋಗಬೇಕು, ಇಲ್ಲವೇ ಬೇರೆ ಊರಿಗೆ.

ಬೇರೆ ಊರಿಗೆ ಹೋಗಲಾಗದವಳು ಆ ಮನೆಯಲ್ಲಿಯೇ ಇದ್ದಳು. ನನಗೆ ಚಹಾ ಕೊಟ್ಟವಳು ಅವಳೇ. ಊರಿನ ಪ್ರೌಢಶಾಲೆಗೆ ವಿಜ್ಞಾನದಲ್ಲಿ ಮೊದಲು ಬಂದ ಹುಡುಗಿ. ಫಲಿತಾಂಶದ ಮರುದಿನವೇ ನಮ್ಮ ಕಾಲೇಜಿಗೆ ನಡೆದುಕೊಂಡು ಬಂದು ಅರ್ಜಿ ಒಯ್ದಿದ್ದಳು. ಅಣ್ಣ ಹಿಂದಿನ ವರ್ಷ ನಪಾಸಾಗಿ ಈ ಸಲ ಅವಳ ಜೊತೆಗೇ ಪಾಸಾಗಿದ್ದ. ಅಪ್ಪ ನಮ್ಮ ರಸ್ತೆಯಲ್ಲಿ ಟಂಟಂ, ಅಂದರೆ ಹಳ್ಳಿಗಳ ನಡುವೆ ಜನರನ್ನು ಹೇರಿಕೊಂಡು ಹೋಗುವ ಮೂರು ಗಾಲಿಯ ಗಾಡಿ, ಓಡಿಸುವವನು. ಒಂದಿಷ್ಟು ಹೊಲ, ಎರಡು ಎಮ್ಮೆ ಇದ್ದವು. ಆ ರಸ್ತೆಯಲ್ಲಿ ಅವನ ಮುಖ ಗೊತ್ತಿಲ್ಲದವರಿಲ್ಲ.

"ಮಗಳ್ನ ನಿಮ್ಮಲ್ಲೇ ಹಚ್ತೀನ್ರಿ ಅಕ್ಕಾರ," ಎಂದ ಅವನು. "ಸಂಜಿಗೆ ಮನಿಗೆ ಬರಬೇಕ್ರಿ ಆಕಿ. ಹಾಸ್ಟೆಲ್ಲು ಗೀಸ್ಟೆಲ್ಲು ನಮ್ಮ ಮಂದಿ ಒಪ್ಪಾಂಗಿಲ್ಲ. ಮಗ ಮಾತ್ರ ಗಂಗಾವತಿಗೆ ಹೊಂಟಾನ. ನೋಡ್ರಿ, ಇದ ಕಾಲೇಜು. ಎಂಥಾ ಲ್ಯಾಬ್ ಐತಿ ನೋಡ್ರಿ!"

ಹುಡುಗ ಅದೇ ವಿಡಿಯೋವನ್ನು ಮೊಬೈಲಿನಲ್ಲಿಯೂ ಹಚ್ಚಿ ನನ್ನ ಮೂಗಿನ ಮುಂದೆ ಹಿಡಿದ. ಅವನ ಗೆಳೆಯರೆಲ್ಲ ಅದನ್ನೇ ಸ್ಟೇಟಸ್ ಇಟ್ಟುಕೊಂಡಿದ್ದರಂತೆ, ಎಲ್ಲರೂ ಅಲ್ಲಿಗೇ ಹೊರಟಿದ್ದರಂತೆ.

ನಾನು ಕಣ್ಣು ಕಿರಿದು ಮಾಡಿ ನೋಡಿದೆ. ಕೋಣೆ ನಮ್ಮದೇ, ಆದರೆ ಅದಲು ಬದಲಾಗಿತ್ತು. ನಮ್ಮಲ್ಲಿ ಎಡಕ್ಕಿರುವ ಬಾಗಿಲು ಅಲ್ಲಿ ಬಲಕ್ಕಿತ್ತು. ಆಮ್ಲದ ಬಾಟಲಿಗಳ ಕಪಾಟಿನ ಮೇಲೆ ನಾನು ದಪ್ಪ ಅಕ್ಷರದಲ್ಲಿ "ಮುಟ್ಟಬ್ಯಾಡ್ರಿ" ಎಂದು ಬರೆದಿದ್ದೇನೆ. ಮೊದಲು ಶುದ್ಧ ಕನ್ನಡದಲ್ಲಿ "ಮುಟ್ಟಬೇಡಿ" ಎಂದಿತ್ತು, ಒಂದು ಮಗುವೂ ಕೇಳುತ್ತಿರಲಿಲ್ಲ. ಮನೆಯ ಮಾತಿನಲ್ಲಿ ಬರೆದ ಮೇಲೆ ಕೇಳತೊಡಗಿದರು. ವಿಡಿಯೋದಲ್ಲಿ ಆ ಅಕ್ಷರಗಳು ಉಲ್ಟಾ ಆಗಿ, ಯಾವುದೋ ಪರದೇಶದ ಲಿಪಿಯಂತೆ ಕಾಣುತ್ತಿದ್ದವು. ಗುರುತು ಸಿಗಬಾರದೆಂದು ತಿರುವಿ ಹಾಕಿದ್ದರೋ, ವಿಡಿಯೋ ಜೋಡಿಸುವಾಗ ತಪ್ಪಿ ಹಾಗಾಗಿತ್ತೋ, ಇವತ್ತಿಗೂ ನನಗೆ ಗೊತ್ತಿಲ್ಲ.

"ಇದು ನಮ್ಮ ಲ್ಯಾಬ್ ಐತ್ರಿ ಯಜಮಾನರ," ಎಂದೆ.

ಅವನು ನಕ್ಕುಬಿಟ್ಟ. "ನಿಮ್ಮದೂ ಇರ್ತೈತ್ರಿ ಅಕ್ಕಾರ, ಇಲ್ಲ ಅನ್ನಂಗಿಲ್ಲ. ಆದ್ರ ಟಿವ್ಯಾಗ ಬರೂದಂದ್ರ ಸುಮ್ನ ಆಕ್ಕೈತೇನ್ರಿ?"

ಸಿಟ್ಟು ನನಗೆ ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತದೆ. ಚಹಾ ಕೆಳಗಿಟ್ಟು ಎದ್ದುಬಂದೆ. ಕಾಲೇಜಿನವರೆಗಿನ ದಾರಿಯಲ್ಲಿ, ಸ್ಕೂಟರಿನ ಮೇಲೆ, ಒಬ್ಬಳೇ ಬಾಯಿಗೆ ಬಂದಂತೆ ಬಯ್ಯುತ್ತ ಬಂದೆ.

ಅದು ಆದದ್ದು ಹೇಗೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಹಿಂದಿನ ಚಳಿಗಾಲದ ಪ್ರಾಯೋಗಿಕ ಪರೀಕ್ಷೆಯ ಹೊತ್ತಿಗೆ ಆ ಕಾಲೇಜಿನವರು ಬಂದಿದ್ದರು. ತಮ್ಮ ಲ್ಯಾಬು ರಿಪೇರಿಯಲ್ಲಿದೆ, ಒಂದೆರಡು ದಿನ ನಿಮ್ಮದು ಕೊಡಿ ಎಂದರು. ಮೇಲಿನಿಂದಲೂ ಒಂದು ಫೋನು ಬಂತು. ಮಕ್ಕಳ ಪರೀಕ್ಷೆ ತಾನೇ ಎಂದು ಬೀಗ ತೆಗೆದೆವು. ಅವರೊಂದಿಗೆ ಬಂದ ಒಬ್ಬ ತರುಣ ಕೊರಳಿಗೆ ಕ್ಯಾಮೆರಾ ಹಾಕಿಕೊಂಡು ಅತ್ತಿತ್ತ ಓಡಾಡಿದ. ಮಕ್ಕಳ ನೆನಪಿಗೆ ಎಂದಿದ್ದ. ಆ ಬಿಳಿ ಕೋಟಿನ ಹುಡುಗಿ ಅವರ ವಿದ್ಯಾರ್ಥಿನಿಯೂ ಅಲ್ಲ ಎಂದು ಆಮೇಲೆ ತಿಳಿಯಿತು. ಫ್ಲಾಸ್ಕಿನಲ್ಲಿದ್ದದ್ದು ರಾಸಾಯನಿಕವೂ ಅಲ್ಲ, ಶರಬತ್ತಿನ ಬಣ್ಣ. ನನ್ನ ಫ್ಲಾಸ್ಕಿಗೆ ಶರಬತ್ತು ಹಾಕಿದರಲ್ಲ ಎಂಬುದಕ್ಕೆ ಬೇರೆಯೇ ಸಿಟ್ಟು ಬಂತು.

ಪ್ರಾಚಾರ್ಯರ ಕೋಣೆಗೆ ನುಗ್ಗಿದೆ. ಅವರು ನಿವೃತ್ತಿಯ ಹತ್ತಿರ ಇದ್ದ, ಯಾರಿಗೂ ಕೆಟ್ಟವರಾಗಲು ಬಯಸದ ಮನುಷ್ಯ.

"ಸರ್, ದೂರು ಬರೀರಿ."

"ಯಾರ ಮ್ಯಾಲೆ ಬರೀಲವ್ವಾ? ಬೀಗ ತಗದು ಕೊಟ್ಟವರು ನಾವ. ಲಿಖಿತ ಏನೂ ಇಲ್ಲ. ಬಿಡ್ರಿ, ನಾವೂ ಒಂದು ರೀಲ್ಸ್ ಮಾಡೂಣು."

"ನಾಟಕ ಮಾಡಾಕ ನನಗ ಬರಾಂಗಿಲ್ರಿ."

"ಈಗ ನಾಟಕಿಲ್ಲದ ಏನ್ ನಡೀತೈತಿ ಹೇಳ್ರಿ?"

ಮಾಡಿದರು. ಗೇಟಿನ ಮುಂದೆ ಟೈ ಕಟ್ಟಿಕೊಂಡು ನಿಂತು ಮಾತಾಡಿದರು, ಆಮೇಲೆ ಲ್ಯಾಬಿನಲ್ಲಿ ನನ್ನ ಕೈಗೂ ಬ್ಯೂರೆಟ್ ಎಂಬ ಅಳತೆಯ ಗಾಜಿನ ಕೊಳವೆ ಕೊಟ್ಟು ನಿಲ್ಲಿಸಿದರು. ಗಾಳಿಯ ಸದ್ದಿನಲ್ಲಿ ಅವರ ಮಾತು ಅರ್ಧ ಕೇಳಿಸಲಿಲ್ಲ, ಹಿಂದೆ ಯಾರದೋ ಎಮ್ಮೆ ಹಾದುಹೋಯಿತು. ಅದೂ ಇರಲಿ. ಎರಡನೇ ದಿನ ಕೆಳಗೆ ಯಾರೋ ಬರೆದಿದ್ದರು: "ಗಂಗಾವತಿ ಕಾಲೇಜಿನ ಲ್ಯಾಬ್ ಕಾಪಿ ಹೊಡೆದಾರ." ಅದಕ್ಕೆ ನಗುವ ಮುಖಗಳ ಸಾಲೇ ಸಾಲು. ನಮ್ಮ ಮನೆಗೆ ನಾವೇ ಕಳ್ಳರಾದೆವು! ತಲೆ ಕೆಟ್ಟು ಮೊಸರು ಗಡಿಗೆಯಾಯಿತು. ವಿಡಿಯೋ ಅಳಿಸಿಹಾಕಿ ಎಂದು ಜಗಳಾಡಿ ತೆಗೆಸಿದೆ.

ಇತ್ತ ದಾಖಲಾತಿ ಹಾಗೆಯೇ ನಿಂತಿತ್ತು. ಆ ಹುಡುಗಿ ದಿನ ಬಿಟ್ಟು ದಿನ ಬಂದು ಕೇಳುತ್ತಿದ್ದಳು, "ಮೇಡಂ, ಎಷ್ಟ ಮಂದಿ ಆದ್ರಿ?" ನಾನು ಸುಳ್ಳು ಹೇಳುತ್ತಿರಲಿಲ್ಲ. ಬಂದವರೆಲ್ಲ ಹೆಚ್ಚುಕಡಿಮೆ ಹುಡುಗಿಯರು, ಬಸ್ಸಿನಲ್ಲಿ ಹೋಗಿ ಸಂಜೆ ಮನೆ ಸೇರಬೇಕಾದವರು. ಹುಡುಗರು ಬಂದರೆ ಮಾತ್ರ ಸಂಖ್ಯೆ ತುಂಬುತ್ತಿತ್ತು. ಅವರೆಲ್ಲ ವಿಡಿಯೋದ ಹಿಂದೆ ಹೊರಟಿದ್ದರು. ಅಣ್ಣ ಹೋದರೆ ತಂಗಿಯ ಬಾಗಿಲು ಮುಚ್ಚುತ್ತದೆ ಎಂಬ ಲೆಕ್ಕ ಅವರ ಅಪ್ಪನಿಗೆ ಹೊಳೆದೇ ಇರಲಿಲ್ಲ. ನಾನು ಹೇಳಿದರೆ, "ಸರ್ಕಾರದ್ದು ಎಂದಾದ್ರೂ ಬಂದ್ ಆಕ್ಕೈತೇನ್ರಿ" ಎಂದು ನಗುತ್ತಿದ್ದ.

ಬಾಯಿ ಬಡಿದುಕೊಂಡದ್ದು ಸಾಕು ಎನ್ನಿಸಿದ್ದು ಆಗಲೇ. ಮನೆಮನೆಗೆ ಹೋಗಿ ಭಾಷಣ ಮಾಡುವುದನ್ನು ನಿಲ್ಲಿಸಿದೆ. ಟಿವಿಯನ್ನು ಮಾತಿನಲ್ಲಿ ಗೆಲ್ಲಲು ಆಗುವುದಿಲ್ಲ. ನಮ್ಮ ಅಟೆಂಡರ್ ಕಾಕಾ ಆ ಊರುಗಳಿಗೆಲ್ಲ ಹೋಗಿ ಒಂದೇ ಮಾತು ಹೇಳಿ ಬಂದರು: "ನಿಮ್ಮ ಬೋರಿನ ನೀರು ಬಾಟ್ಲಿಯೊಳಗ ತುಂಬ್ಕೊಂಡು ಕಾಲೇಜಿಗೆ ಬರ್ರಿ. ಗಡಸು ಎಷ್ಟೈತಿ ಅಂತ ನಿಮ್ಮ ಕಣ್ಣ ಮುಂದ ತೋರಸ್ತೀವಿ." ನಮ್ಮ ಕಡೆ ನೀರಿನ ಚಿಂತೆ ಇಲ್ಲದ ಮನೆಯಿಲ್ಲ. ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬರುವುದಿಲ್ಲ, ಕೊಡದ ಒಳಗೆ ಬಿಳಿ ಪದರ ಕಟ್ಟುತ್ತದೆ. ಸಂತೆಯ ದಿನ ಬಂದೇ ಬಂದರು. ಅವರನ್ನು ಹೇರಿಕೊಂಡು ಬಂದದ್ದು ಅದೇ ಟಂಟಂ.

ಲ್ಯಾಬಿನಲ್ಲಿ ಸಾಲಾಗಿ ಬಾಟಲಿ ಇಟ್ಟೆವು. ಕಳೆದ ವರ್ಷದ ಹುಡುಗಿಯರನ್ನು ಕರೆಸಿದ್ದೆ, ಅವರೇ ಮಾಡಿದರು. ನೀರನ್ನು ಪಿಪೆಟ್ಟಿನಲ್ಲಿ ಅಳೆದು ಫ್ಲಾಸ್ಕಿಗೆ ಬಿಟ್ಟು, ಬಫರ್ ದ್ರಾವಣ ಸೇರಿಸಿ, ಸೂಚಕದ ಚಿಟಿಕೆ ಪುಡಿ ಹಾಕಿದರೆ ನೀರು ದ್ರಾಕ್ಷಿಯ ಕೆಂಪಾಗುತ್ತದೆ. ಮೇಲೆ ಬ್ಯೂರೆಟ್ಟಿನಿಂದ ಇಡಿಟಿಎ ಎಂಬ ದ್ರಾವಣ ಹನಿ ಹನಿ ಬಿಡಬೇಕು. ಕೈ ಅವಸರ ಮಾಡಿದರೆ ಕೆಟ್ಟಿತು. ಕೆಂಪು ಸರಿದು ಅಪ್ಪಟ ನೀಲಿ ಬಂದ ಕ್ಷಣದಲ್ಲಿ ಕೊಳವೆಯ ತಿರುಗುಕೀಲಿ ಮುಚ್ಚಬೇಕು. ಯಾವ ಊರಿನ ನೀರು ಹೆಚ್ಚು ಹನಿ ಕುಡಿಯಿತೋ ಆ ಊರಿನ ನೀರು ಹೆಚ್ಚು ಗಡಸು. ನೀಲಿ ಬಂದಾಗಲೆಲ್ಲ ಹೆಂಗಸರು "ಯವ್ವಾ, ನೋಡಽ!" ಎಂದು ಒಬ್ಬರ ಮೇಲೊಬ್ಬರು ಬಗ್ಗಿದರು. ಒಬ್ಬ ಮುದುಕಿ ತನ್ನ ಬೋರಿನ ಮಾಲೀಕನನ್ನು ಅಲ್ಲೇ ಬೈದಳು.

ಟಂಟಂನವನು ಬಾಗಿಲಲ್ಲೇ ನಿಂತು ಸುತ್ತ ನೋಡುತ್ತಿದ್ದ. ಹಸಿರು ರ‍್ಯಾಕು, ಬಕೀಟು, ಕಪಾಟು ಎಲ್ಲದರ ಮೇಲೂ ಅವನ ಕಣ್ಣು ಹೋಯಿತು. ಈಗ ಇವನಿಗೆ ತಿಳಿಯಿತು ಎಂದುಕೊಂಡೆ.

"ಏನ್ರಿ, ಗುರ್ತ ಸಿಕ್ತೇನ್ರಿ?"

"ಅಗದಿ ಅವರಂಗ ಮಾಡೀರಿ ಅಕ್ಕಾರ," ಎಂದ, ಮೆಚ್ಚುಗೆಯಿಂದ. "ಆದ್ರ ಒಂದ ತಪ್ಪಾಗೇತಿ ನೋಡ್ರಿ. ಅವರದು ಬಾಗಲಾ ಬಲಕ್ಕೈತಿ, ನಿಮ್ಮದು ಎಡಕ್ಕ."

ಎಲ್ಲರೂ ಹೌದು ಹೌದು ಎಂದರು. ನನಗೆ ಮೈ ಪರಚಿಕೊಳ್ಳುವಂತಾಯಿತು. ಇಷ್ಟು ಹೊತ್ತು ಕಣ್ಣಾರೆ ನೋಡಿದವರು, ಕಂಡದ್ದನ್ನು ಬಿಟ್ಟು ಟಿವಿಗೇ ಸಾಕ್ಷಿ ಹೇಳುತ್ತಿದ್ದರಲ್ಲ!

ಆಗ ಮಾತಾಡಿದ್ದು ಅವನ ಮಗಳು. ಅಣ್ಣನ ಕೈಯಿಂದ ಮೊಬೈಲು ಕಸಿದುಕೊಂಡು, "ಅಪ್ಪಾ, ನಿನ್ನ ಗಾಡಿ ಕಡೆ ನಡಿ," ಎಂದಳು.

"ಯಾಕವಾ?"

"ಬಾ ಅಂದ್ರ ಬಾ. ಹಿಂದಿಂದ ಆಂಬುಲೆನ್ಸ್ ಬಂದ್ರ ನಿನ್ನ ಕನ್ನಡ್ಯಾಗ ಅದರ ಹೆಸರು ಹೆಂಗ ಕಾಣತೈತಿ?"

"ನೆಟ್ಟಗ ಕಾಣತೈತಿ."

"ಗಾಡಿ ಮ್ಯಾಲೆ ಹೆಂಗ ಬರದಿರ್ತಾರ?"

"ಉಲ್ಟಾ ಬರದಿರ್ತಾರ. ಕನ್ನಡ್ಯಾಗ ಸುಲ್ಟಾ ಆಗಲಿ ಅಂತ."

ಅಂಗಳದಲ್ಲಿ ನಿಂತ ಟಂಟಂನ ಪಕ್ಕದ ಕನ್ನಡಿಯ ಧೂಳನ್ನು ಅವಳು ದುಪಟ್ಟಾದಿಂದ ಒರೆಸಿದಳು. ವಿಡಿಯೋ ಓಡಿಸಿ, ಕಪಾಟು ಬಂದಲ್ಲಿ ನಿಲ್ಲಿಸಿ, ಮೊಬೈಲನ್ನು ಕನ್ನಡಿಗೆ ಹಿಡಿದಳು. ಅಪ್ಪ ಬಗ್ಗಿದ. ತುಟಿ ಅಲುಗಿಸುತ್ತ ಒಂದೊಂದೇ ಅಕ್ಷರ ಕೂಡಿಸಿ ಓದಿದ. "ಮು... ಟ್ಟ... ಬ್ಯಾ... ಡ್ರಿ." ಬಾಗಿಲು ಕೂಡ ಕನ್ನಡಿಯಲ್ಲಿ ಎಡಕ್ಕೆ ಬಂದು ನಿಂತಿತ್ತು. ಅವನು ಮತ್ತೆ ಒಳಗೆ ಹೋಗಿ ಕಪಾಟನ್ನು ನೋಡಿ ಬಂದ. ಇನ್ನೊಮ್ಮೆ ಕನ್ನಡಿ ನೋಡಿದ. ಜನವೆಲ್ಲ ಒಬ್ಬರಾದ ಮೇಲೆ ಒಬ್ಬರು ಬಗ್ಗಿ ನೋಡಿದರು.

"ಇವ್ರ್ ಹೆಣಾ ಎತ್ಲಿ," ಎಂದ ಅವನು ಕೊನೆಗೆ. "ಹಂಗಾದ್ರ ಅಲ್ಲಿ ಏನೈತ್ರಿ ಅಕ್ಕಾರ?"

"ನನಗೇನ್ ಗೊತ್ತು? ನಿಮ್ಮ ಗಾಡಿ ಐತಿ. ಹೋಗಿ, ಲ್ಯಾಬ್ ತೋರಸ್ರಿ ಅಂತ ಕೇಳ್ರಿ."

ಮರುದಿನವೇ ಮಗನನ್ನೂ ಇನ್ನಿಬ್ಬರು ಪಾಲಕರನ್ನೂ ಕೂಡಿಸಿಕೊಂಡು ಹೋದ. ಅಲ್ಲಿ ಆದದ್ದನ್ನು ಅವನೇ ಬಂದು ಹೇಳಿದ್ದು. ಗಾಜಿನ ಬಾಗಿಲು, ತಣ್ಣನೆಯ ಕೋಣೆ, ಕಾಫಿ. ಲ್ಯಾಬ್ ತೋರಿಸಿ ಎಂದರೆ ಮೇಲಂತಸ್ತಿನಲ್ಲಿದೆ, ಕೀಲಿ ಇದ್ದವನು ಹೊರಗೆ ಹೋಗಿದ್ದಾನೆ ಎಂದರಂತೆ. ಮಧ್ಯಾಹ್ನದವರೆಗೂ ಕೂತರೂ ಕೀಲಿ ಬರಲಿಲ್ಲ. ಬಂದವನು ಮೈಕು ಹಿಡಿದ ಒಬ್ಬ ತರುಣ. ಯಾಕೆ ಬಂದಿರಿ ಎಂದು ಕೇಳಿದನಂತೆ. ಇವನು ಸಿಟ್ಟಿನಲ್ಲೇ ಹೇಳಿದನಂತೆ: "ಛಲೋ ಲ್ಯಾಬ್ ಐತಿ ಅಂತ ಟಿವ್ಯಾಗ ನೋಡಿದ್ವಿ, ಅದಕ್ಕ ಬಂದೀವಿ. ತೋರಸ್ರಿ ಅಂದ್ರ ಕೀಲಿ ಇಲ್ಲ ಅಂತೀರಿ!"

"ಮುಖದ ಮ್ಯಾಲ ಹೊಡದಂಗ ಹೇಳಿ ಬಂದೀನ್ರಿ," ಎಂದು ಮೀಸೆ ತೀಡಿದ. ಮಗನನ್ನು ನಮ್ಮಲ್ಲಿಯೇ ಹಚ್ಚುತ್ತೇನೆ, ನಾಳೆ ನಾಡಿದ್ದು ಬರುತ್ತೇನೆ ಎಂದ. ನಾನು ಎಷ್ಟೋ ದಿನಗಳ ನಂತರ ಹೊಟ್ಟೆ ತುಂಬ ಊಟ ಮಾಡಿದೆ.

ಆದರೆ ಆ ಮೈಕಿನವನು ಸುಮ್ಮನೆ ಬಂದವನಲ್ಲ. ವಾರ ತುಂಬುವುದರೊಳಗೆ ಟಿವಿಯಲ್ಲಿ, ಮೊಬೈಲಿನಲ್ಲಿ, ಎಲ್ಲೆಲ್ಲೂ ಇವನದೇ ಮುಖ. ಹಿಂದೆ ಗಾಜಿನ ಬಾಗಿಲು, ಕೆಳಗೆ "ಪಾಲಕರ ಮೆಚ್ಚುಗೆಯ ಮಾತು" ಎಂಬ ಪಟ್ಟಿ. "ಛಲೋ ಲ್ಯಾಬ್ ಐತಿ... ಅದಕ್ಕ ಬಂದೀವಿ." ಮುಂದಿನದನ್ನೂ ನಡುವಿನದನ್ನೂ ಕತ್ತರಿಸಿ ಒಗೆದು ವೀಣೆಯ ಸಂಗೀತ ಹಾಕಿದ್ದರು. ಸಿಟ್ಟಿಗೆ ಉಬ್ಬಿದ್ದ ಅವನ ಮೂಗು ಆ ಸಂಗೀತದಲ್ಲಿ ಹೆಮ್ಮೆಯಿಂದ ಉಬ್ಬಿದಂತೆ ಕಾಣುತ್ತಿತ್ತು. ನೋಡಿದ ಬೀಗರೆಲ್ಲ ಫೋನು ಮಾಡಿ ಅಭಿನಂದಿಸಿದರಂತೆ. ನಮ್ಮಲ್ಲಿಗೆ ಬರುತ್ತೇವೆಂದು ಅರ್ಜಿ ಒಯ್ದಿದ್ದ ಹುಡುಗರ ಮನೆಯವರೂ ತಿರುಗಿಬಿದ್ದರು. ಟಂಟಂ ಅಣ್ಣನೇ ಹೇಳಿದ ಮೇಲೆ ಇನ್ನೇನು ಬೇಕು?

ನಾನು ಅತ್ತುಬಿಟ್ಟೆ. ದುಃಖಕ್ಕಲ್ಲ, ರೋಷಕ್ಕೆ. ಹೋಗಿ ಕೇಳ್ರಿ ಎಂದು ಕಳಿಸಿದವಳು ನಾನು. ಒಬ್ಬ ಮನುಷ್ಯ ಬೈದದ್ದನ್ನೂ ಹೊಗಳಿಕೆ ಮಾಡಿ ಮಾರಿಕೊಳ್ಳುವವರ ಎದುರು ಬಫರು, ಬ್ಯೂರೆಟ್ಟು ಇಟ್ಟುಕೊಂಡು ಏನು ಮಾಡಬೇಕು? ಪ್ರಾಚಾರ್ಯರು ನನ್ನ ಮುಂದೆ ನೀರಿನ ಲೋಟ ಸರಿಸಿದರು. ಹುಡುಗಿ ಅಂದೂ ಬಂದಿದ್ದಳು. ಎಷ್ಟು ಮಂದಿ ಆದರೆಂದು ಕೇಳಲಿಲ್ಲ. ಕಲಾ ವಿಭಾಗದಲ್ಲಿ ಯಾವ ಯಾವ ವಿಷಯ ಇವೆ ಎಂದು ಕೇಳಿದಳು. ನಾನು ಕಲಾ ವಿಭಾಗದ ಅರ್ಜಿಯೊಂದನ್ನು ಅವಳ ಕೈಗಿಟ್ಟು ಎದ್ದು ಹೋದೆ.

ದಾಖಲಾತಿಯ ಕೊನೆಯ ದಿನ ಕಚೇರಿಯ ಬಾಗಿಲು ಮುಚ್ಚುವ ಹೊತ್ತಿಗೆ ಟಂಟಂ ಬಂದು ನಿಂತಿತು. ಹಿಂದೆ ಕೂಡಲು ಜಾಗವಿಲ್ಲದೆ ಹುಡುಗರು ಜೋತುಬಿದ್ದಿದ್ದರು. ಅಪ್ಪಂದಿರು ಕೆಲವರು ಬೈಕಿನಲ್ಲಿ ಹಿಂದೆಯೇ ಬಂದರು. ಟಂಟಂನವನ ದನಿ ಕೂತುಹೋಗಿತ್ತು. ಊರೂರಿಗೆ ಗಾಡಿ ಹೊಡೆದು, ಕಟ್ಟೆಯ ಮೇಲೆ ನಿಂತು, ಗಂಗಾವತಿಯಲ್ಲಿ ತಾನು ಪೂರ್ತಿ ಏನು ಹೇಳಿದ್ದನೆಂದು ಕೂಗಿ ಕೂಗಿ ಹೇಳಿ ಬಂದಿದ್ದ. ನಂಬದವರಿಗೆ ಕನ್ನಡಿ ತೋರಿಸಿದ್ದ.

"ನನ್ನ ಮಾರಿ ನೋಡಿ ಅಲ್ಲಿಗೆ ಹೊಂಟಿದ್ರು ಅಕ್ಕಾರ," ಎಂದ. "ಅದಕ್ಕ ಅದ ಮಾರಿ ತೋರಿಸಿ ಇಲ್ಲಿಗೆ ಕರಕೊಂಡು ಬಂದೀನಿ. ಹಚ್ಕೊಳ್ರಿ ಇವ್ರನ್ನ."

ಮಗ ತಲೆ ತಗ್ಗಿಸಿಕೊಂಡು ಮೊದಲು ಸಹಿ ಹಾಕಿದ. ಸಂಖ್ಯೆ ತುಂಬಿತು. ವಿಭಾಗ ಉಳಿಯಿತು, ಆ ವರ್ಷದ ಮಟ್ಟಿಗೆ. ಹುಡುಗಿ ಅಪ್ಪನನ್ನು ನೋಡಿದ ರೀತಿಯನ್ನು ನಾನು ಬರೆಯಲಾರೆ. ಕಲಾ ವಿಭಾಗದ ಅರ್ಜಿಯನ್ನು ಅವಳು ಚೂರು ಚೂರು ಮಾಡಿ ಲ್ಯಾಬಿನ ಕೆಂಪು ಬಕೀಟಿಗೆ ಹಾಕಿದ್ದನ್ನು ಮಾತ್ರ ನೋಡಿದೆ.

ಇಷ್ಟಕ್ಕೆ ನಿಲ್ಲಿಸಿದರೆ ಕೇಳಲು ಸುಖವಾಗಿತ್ತು. ನನ್ನ ಸಿಟ್ಟು ಇನ್ನೂ ಇಳಿಯದಿರಲು ಕಾರಣವಾದದ್ದು ಆಮೇಲೆ ನಡೆಯಿತು.

ಚಳಿಗಾಲದಲ್ಲಿ ಆ ಕಾಲೇಜಿನಿಂದ ಮತ್ತೆ ಫೋನು ಬಂತು. ಈ ಸಲವೂ ಪ್ರಾಯೋಗಿಕ ಪರೀಕ್ಷೆಗೆ ನಮ್ಮ ಲ್ಯಾಬು ಬೇಕಂತೆ. ಅವರ ರಿಪೇರಿ ಇನ್ನೂ ಮುಗಿದಿರಲಿಲ್ಲವಂತೆ! ಪ್ರಾಚಾರ್ಯರು ಫೋನನ್ನು ನನ್ನ ಕೈಗೆ ಕೊಟ್ಟು ಹೊರಗೆ ಹೋದರು. ಬೇಸಿಗೆಯಿಂದ ಕೂಡಿಟ್ಟ ಬೈಗುಳವೆಲ್ಲ ನಾಲಿಗೆಯ ಮೇಲಿತ್ತು. ಇಲ್ಲ ಎಂದರೆ ನಪಾಸಾಗುವವರು ಮಕ್ಕಳು. ಅದೊಂದೇ ನನ್ನ ಬಾಯಿ ಕಟ್ಟಿತು.

"ಪರೀಕ್ಷಾಕ್ಕ ಮೊದಲ ಮಕ್ಕಳ್ನ ಕಳಸ್ರಿ, ನಾನ ಕಲಸ್ತೀನಿ," ಎಂದೆ. "ಕ್ಯಾಮೆರಾ ಒಂದು ಬಂತಂದ್ರ ಬಾಗಲಾ ತಗಿಯಂಗಿಲ್ಲ."

ಬಂದರು. ನಮ್ಮ ಮಕ್ಕಳಂಥವೇ ಮಕ್ಕಳು, ಕೊರಳಲ್ಲಿ ಹೊಳೆಯುವ ಗುರುತಿನ ಚೀಟಿ ಒಂದು ಹೆಚ್ಚು. ಎಲ್ಲರೂ ಒಳಗೆ ಹೋದ ಮೇಲೂ ಒಬ್ಬ ಹುಡುಗಿ ಹೊಸ್ತಿಲ ಮೇಲೆಯೇ ನಿಂತಿದ್ದಳು. ಮರಳಿ ಎಂಬ ಊರಿನವಳಂತೆ, ಮನೆಯವರು ಭತ್ತದ ಗದ್ದೆಯಲ್ಲಿ ಕೂಲಿ ಮಾಡುವವರಂತೆ. ಅವಳು ಹಸಿರು ರ‍್ಯಾಕನ್ನು ನೋಡಿದಳು, ಬಕೀಟು ನೋಡಿದಳು.

"ಮೇಡಂ," ಎಂದಳು, "ಇದು ನಮ್ಮ ಕಾಲೇಜಿನ ಲ್ಯಾಬ್ ಐತಲ್ರೀ. ಇದನ್ನ ನೋಡೇ ನಾ ಅಲ್ಲಿ ಸೇರಿದ್ದೆ. ಇದು ಇಲ್ಲಿ ಯಾಕೈತ್ರಿ?"

ಅವಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋದೆ. ನಮ್ಮ ಟಂಟಂನವನ ಮಗಳು ಜಾಗ ಬಿಟ್ಟು ಸರಿದು ನಿಂತು ತನ್ನ ಏಪ್ರನ್ ಬಿಚ್ಚಿ ಕೊಟ್ಟಳು.

"ಪಿಪೆಟ್ ಹಿಡಿಯೂದು ಗೊತ್ತೈತೇನವಾ?" ಎಂದೆ.

"ವಿಡಿಯೋದಾಗ ನೋಡೀನ್ರಿ. ಹಿಡದಿಲ್ರಿ."

"ತಗೋ, ಹಿಡಿ."

ಅವಳು ಕೈ ಮುಂದೆ ತಂದವಳು ಹಿಂದಕ್ಕೆಳೆದುಕೊಂಡಳು. ಕಪಾಟಿನ ಮೇಲಿನ ಅಕ್ಷರಗಳನ್ನು ಓದಿ ನನ್ನ ಮುಖ ನೋಡಿದಳು.

"ಮುಟ್ಟಬ್ಯಾಡ್ರಿ ಅಂತ ಬರದೈತಲ್ರೀ ಮೇಡಂ."

"ಅದು ನಿನಗಲ್ಲವ್ವಾ," ಎಂದೆ. "ನೀ ಮುಟ್ಟು."